ಸೋರದ ಮನೆಯ ಸೋರಿಕೆ

ಬಟ್ಟೆ ಅಂಗಡಿಯವನು ಮಾರಿದ ಸೀರೆಯನ್ನು ನೆನೆದು ನಿಟ್ಟುಸಿರು ಬಿಡುವುದಿಲ್ಲ. ಮಿಠಾಯಿ ಅಂಗಡಿಯವನು ಕಟ್ಟಿಕೊಟ್ಟ ಪೇಡೆಯ ಹಿಂದೆ ಗಿರಾಕಿಯ ಮನೆಯ ತನಕ ಹೋಗುವುದಿಲ್ಲ. ಮನೆ ಕಟ್ಟಿ ಮಾರುವ ನನಗೆ ಮಾತ್ರ ಈ ಹಾಳು ರೋಗ ಯಾಕೆ ಅಂಟಿತೋ! ಕೈಯಾರೆ ಮಾರಿದ ಮನೆಯೊಂದರ ಮೇಲೆ ಮನಸ್ಸಿಟ್ಟುಕೊಂಡು ಕೊರಗುತ್ತಿದ್ದೇನೆ. ಅದೇನು ದೂರದ್ದಲ್ಲ, ನಮ್ಮ ಪಕ್ಕದ ಮನೆಯೇ. ನಡುವೆ ಇರುವುದು ಒಂದು ಕಾಂಪೌಂಡು ಮತ್ತು ನನ್ನ ಮಾನ.

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ರಸ್ತೆಯ ಬದಿಗೆ ಒಂದೇ ಅಳತೆಯ ಎರಡು ಮನೆ ಎಬ್ಬಿಸುತ್ತಿದ್ದೆ, ಒಂದು ಮಾರಲಿಕ್ಕೆ, ಒಂದು ನಮಗೆ. ಪಾಯ ತೋಡುವಾಗಲೇ ಮಾರುವ ಮನೆಯನ್ನು ಕೊಳ್ಳಲು ರೇಣುಕಮ್ಮ ಟೀಚರ್ ಬಂದರು. ಹಿರೇಹಡಗಲಿಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕೈಯಲ್ಲೊಂದು ಕಾಗದದ ಕಟ್ಟು. “ಕೊಟ್ರೇಶಪ್ಪ, ಮನಿ ತಂಪಿರಬೇಕು, ಕರೆಂಟ್ ಉಳೀಬೇಕು ಅಂತ ಸರ್ಕಾರದೋರು ನಿಯಮ ಮಾಡ್ಯಾರ. ಇದರಂಗ ಕಟ್ಟಿಕೊಡ್ರಿ” ಅಂದರು. ಛಾವಣಿಗೆ ಶಾಖ ತಡೆಯುವ ಪದರ, ಅದರ ಮೇಲೆ ಬಿಳಿ ಟೈಲ್ಸ್, ಪಡುವಣ ಗೋಡೆಗೆ ಟೊಳ್ಳು ಇಟ್ಟಿಗೆ, ಕಿಟಕಿಗೆ ನೆರಳಾಗುವಂತೆ ಅಗಲವಾದ ಸಜ್ಜಾ, ಬಿಸಿಗಾಳಿ ಹೊರಹೋಗಲು ಮೇಲೊಂದು ಗವಾಕ್ಷಿ. “ಇಷ್ಟೆಲ್ಲ ಯಾಕ್ರಿ ಟೀಚರ್?” ಅಂದೆ. “ಫ್ರಿಜ್ ತಗೊಳ್ಳುವಾಗ ಸ್ಟಾರ್ ಎಣಿಸ್ತೀರಿ. ಇರೋ ಮನಿಗೆ ಏನೂ ಕೇಳಂಗಿಲ್ಲೇನು?” ಅಂದರು. ನನ್ನ ಹೆಂಡತಿ ಗಿರಿಜಾ ಅಲ್ಲೇ ಇದ್ದಳು. “ನಮ್ಮದನ್ನೂ ಹಂಗ ಕಟ್ರಿ” ಅಂದಳು. ನಾನು ನಕ್ಕುಬಿಟ್ಟೆ. “ಲೇ, ಗುತ್ತಿಗೆದಾರನ ಮನಿ ಅಂದ್ರ ದಾರ್‍ಯಾಗ ಹೋಗೋರು ನಿಂತು ನೋಡಬೇಕು!” ಹಾಗೆಂದು ಪಡುವಣ ದಿಕ್ಕಿಗೇ ನೆಲದಿಂದ ಛಾವಣಿತನಕ ಗಾಜು ಹಾಕಿಸಿದೆ, ಸುತ್ತ ಕರಿ ಗ್ರಾನೈಟು. ಜನ ನಿಂತು ನೋಡಿದರು, ಸುಳ್ಳು ಹೇಳಬಾರದು. ಬೇಸಿಗೆ ಬಂದಮೇಲೆ ಒಳಗೆ ಕೂರಲು ಮಾತ್ರ ಯಾರೂ ಬರಲಿಲ್ಲ.

ಮಧ್ಯಾಹ್ನ ಎರಡಾದರೆ ನಮ್ಮ ಪಡಸಾಲೆಯಲ್ಲಿ ಹಪ್ಪಳ ಒಣಗಿಸಬಹುದು. ಏಸಿ ಬಡಕೊಂಡು ಬಡಕೊಂಡು ಸುಸ್ತಾಗುತ್ತದೆ, ಕರೆಂಟ್ ಬಿಲ್ ನೋಡಿ ನಾನು ಸುಸ್ತಾಗುತ್ತೇನೆ. ಗಿರಿಜಾ ‘ನಾ ಹೇಳಿದ್ದೆ’ ಅಂತ ಒಂದು ಸಲ ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅವಳು ಬೈಯಲೇ ಇಲ್ಲ. ನಾನೂ ‘ತಪ್ಪಾಯ್ತು’ ಅನ್ನಲಿಲ್ಲ. ಬದಲಿಗೆ ದಿನಾ ಎರಡು ಗಂಟೆಗೆ ಟೀಚರ್ ಮನೆಗೆ ಸೋರಿಕೆ ನೋಡಲು ಹೋಗುತ್ತೇನೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ನಾನು ಮಾತ್ರ ಗಂಭೀರವಾಗಿ ಛಾವಣಿ ನೋಡಿ, ಗೋಡೆ ತಟ್ಟಿ, ಕೊನೆಗೆ ಅದೇ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಅಯ್ಯೋ, ಏನು ತಂಪು! ನಾನೇ ನಿಂತು ಕಟ್ಟಿಸಿದ ಗೋಡೆ, ನನ್ನದಲ್ಲವಲ್ಲ! ಟೀಚರ್ ಮಜ್ಜಿಗೆ ತಂದಿಡುತ್ತಾರೆ. ಇನ್ನೊಂದು ಕಡೆ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಿಂದ ಮನೆ ಕಟ್ಟಿಸುವವರು ಬರುತ್ತಾರೆ. ನನ್ನ ಗಾಜಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, “ನಿಮ್ಮ ಮನಿ ಭಾಳ ಚಂದ ಐತ್ರಿ. ನಮಗ ಟೀಚರ್ ಮನಿಯಂಥಾದ್ದು ಕಟ್ಟಿಕೊಡ್ರಿ” ಅನ್ನುತ್ತಾರೆ. ಪಾಯ ಹಾಕುವ ಮೊದಲೇ ಮನೆಗಳು ಮಾರಾಟವಾಗುತ್ತಿವೆ. ವ್ಯಾಪಾರ ಎಂದೂ ಇಷ್ಟು ಚೆನ್ನಾಗಿರಲಿಲ್ಲ. ಊರಿಗೆಲ್ಲ ತಂಪು ಹಂಚಿ ಬಂದು ನಾನು ಕಾದ ಸೋಫಾದ ಮೇಲೆ ಕೂರಬೇಕು.

ಮೊನ್ನೆ ಸಿಮೆಂಟ್ ಲಾರಿ ಬರಲಿಲ್ಲವೆಂದು ಹನ್ನೆರಡಕ್ಕೇ ಕೆಲಸ ನಿಂತಿತು. ಗಿರಿಜಾ ದಿನವೂ ಆ ಹೊತ್ತಿಗೆ ಮಹಿಳಾ ಸಂಘದ ಮೀಟಿಂಗಿಗೆ ಅಂತ ಹೇಳಿ ಹೋಗುವವಳು. ಅವಳಿಲ್ಲದ ಮನೆಗೆ ಹೋಗಿ ಬೇಯುವುದೇಕೆಂದು ನೇರ ಟೀಚರ್ ಮನೆಗೆ ನಡೆದೆ. ಬಾಗಿಲಲ್ಲಿ ಪರಿಚಯದ ಚಪ್ಪಲಿ. ಒಳಗೆ ನೋಡಿದರೆ ನಾನು ದಿನಾ ಕೂರುವ ಜಾಗದಲ್ಲೇ, ನನ್ನ ಗೋಡೆಗೇ ಒರಗಿ, ಗಿರಿಜಾ ಕಣ್ಣು ಮುಚ್ಚಿ ಕೂತಿದ್ದಾಳೆ! ಟೀಚರ್ ಅಡುಗೆಮನೆಯಿಂದ ಇಣುಕಿ, “ಇವತ್ತು ಇಬ್ರೂ ಒಮ್ಮೆಗೇ ಬಂದ್ರೇನು?” ಅಂದರು. ದಿನಾ ಒಂದೂವರೆತನಕ ಅವಳ ಪಾಳಿಯಂತೆ, ಎರಡರಿಂದ ನನ್ನದು.

ಗಿರಿಜಾ ಕಣ್ಣು ತೆರೆಯದೆಯೇ ಕೇಳಿದಳು: “ಸೋರಿಕಿ ಸಿಕ್ತೇನ್ರಿ?”

“ಇಲ್ಲ ಮಾರಾಯ್ತಿ. ತಪ್ಪಾತು, ನಿನ್ ಮಾತು ಕೇಳಬೇಕಿತ್ತು” ಅಂದೆ. ಎರಡು ಬೇಸಿಗೆಯಿಂದ ಒಳಗೇ ಉಳಿದಿದ್ದ ಮಾತು, ಪರರ ಮನೆಯಲ್ಲಿ ಹೊರಬಿತ್ತು.

ಅವಳು ಚೂರು ಸರಿದು ಚಾಪೆಯ ತುದಿ ತೋರಿಸಿದಳು. “ಕುಂದರ್‍ರಿ. ಆದ್ರ ಗೋಡಿ ಕಡಿ ಜಾಗ ಬಿಡಂಗಿಲ್ಲ.”