ಟ್ರೂಡಿಯಿಂದ ನಾನು ಬಿಡುಗಡೆ ಪಡೆದದ್ದು

ಟ್ರೂಡಿ ಹ್ರೂಸ್ಕಾ ಕೆಟ್ಟವಳೆಂದು ನಾನು ಯಾವತ್ತೂ ಹೇಳಿಲ್ಲ. ಅವಳು ಕುಡಿಯುವುದಿಲ್ಲ, ಜಗಳ ಕಾಯುವುದಿಲ್ಲ, ನಮ್ಮ ಕಾಲ್ಡರ್ ಊರಿನಲ್ಲಿ ಅವಳಷ್ಟು ನೆಟ್ಟಗೆ ಪ್ಯಾಂಟಿನ ಅಂಚು ಹೊಲಿಯುವವರು ಇನ್ನೊಬ್ಬರಿಲ್ಲ. ಅವಳ ದೋಷ ಒಂದೇ. ನಾನು ಕಥೆ ಹೇಳುವಾಗ ಮಧ್ಯೆ ಬಾಯಿ ಹಾಕಿ ತಿದ್ದುತ್ತಾಳೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು, ಓಪಲ್ ಲಿಂಡ್‌ಕ್ವಿಸ್ಟ್. ನೆಬ್ರಾಸ್ಕಾದ ರಸ್ತೆಗಳು ನೂಲು ಹಿಡಿದಂತೆ ನೇರ. ಅವುಗಳ ಮೇಲೆ ಬಸ್ಸು ಓಡಿಸುವಾಗ ಏನೂ ನಡೆಯುವುದಿಲ್ಲ. ಆದ್ದರಿಂದ ಕಥೆಗೆ ಸ್ವಲ್ಪ ಒಗ್ಗರಣೆ ಹಾಕಬೇಕಾಗುತ್ತದೆ. (ಇದು ಸುಳ್ಳಲ್ಲ, ಪಾಕಶಾಸ್ತ್ರ.) ನನ್ನ ನಿವೃತ್ತಿಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಎಂಬತ್ತು ಜನ ಸೇರಿದ್ದರು. ನಾನು ಎದ್ದು ನಿಂತು, ಹಿಮಪ್ರಳಯದಲ್ಲಿ ಮೂವತ್ತೆರಡು ಮಕ್ಕಳನ್ನು ಜೀವಸಹಿತ ಮನೆ ಮುಟ್ಟಿಸಿದ ನನ್ನ ಮಹಾಕಥನವನ್ನು ಆರಂಭಿಸಿದೆ. ಎಲ್ಲರೂ ಚಮಚ ಕೆಳಗಿಟ್ಟರು.

"ಹಿಮ ಅಲ್ಲ ಕಣೇ, ತುಂತುರು ಮಳೆ," ಎಂದಳು ಟ್ರೂಡಿ, ತಟ್ಟೆಯಿಂದ ತಲೆಯೆತ್ತದೆ. "ಮಕ್ಕಳು ಹನ್ನೊಂದು. ಮಿಕ್ಕವರಿಗೆ ಅವತ್ತು ನೆಗಡಿ."

ಎಂಬತ್ತು ಜನ ನಕ್ಕರು. ಪಾದ್ರಿಗಳೂ ನಕ್ಕರು. ಮನೆಗೆ ಬಂದವಳೇ ನಾನು ಕೋಟು ಬಿಚ್ಚದೆ ಹೇಳಿದೆ, "ಟ್ರೂಡಿ, ನನಗೆ ಬಿಡುಗಡೆ ಬೇಕು."

"ನನಗೂ," ಎಂದಳು ಅವಳು. "ಬೂಟು ಒರೆಸಿಕೊಂಡು ಒಳಗೆ ಬಾ."

ನಮ್ಮಿಬ್ಬರ ಸಂಬಂಧ ಕಾನೂನುಬದ್ಧವಾದದ್ದು. ಎರಡು ಸಾವಿರದ ಒಂದನೇ ಇಸವಿಯಲ್ಲಿ ವರ್ಮಾಂಟ್ ರಾಜ್ಯದವರೆಗೆ ಕಾರು ಓಡಿಸಿಕೊಂಡು ಹೋಗಿ ಮಾಡಿಸಿಕೊಂಡು ಬಂದದ್ದು. ಆ ಕಾಲಕ್ಕೆ ಇಬ್ಬರು ಹೆಂಗಸರಿಗೆ ಅಷ್ಟನ್ನಾದರೂ ಕೊಡುತ್ತಿದ್ದದ್ದು ಅದೊಂದೇ ರಾಜ್ಯ. ಅವರು ಅದನ್ನು ಮದುವೆ ಎನ್ನಲಿಲ್ಲ; ಕಾಗದದ ಮೇಲೆ 'ನಾಗರಿಕ ಬಂಧ' ಎಂದು ಬರೆದುಕೊಟ್ಟರು. ಏಳು ವರ್ಷಗಳಲ್ಲಿ ಆ ಬಂಧಕ್ಕೆ ಬಾಲದಲ್ಲೊಂದು 'ನ' ಸೇರಿಕೊಂಡದ್ದು ನನ್ನ ಹಣೆಬರಹ.

ಮರುದಿನ ವಕೀಲ ಡ್ವೈಟ್ ಕೆಸ್ಲರನ ಹತ್ತಿರ ಹೋದೆವು. ಅವನು ಚಿಕ್ಕವನಿದ್ದಾಗ ನನ್ನ ಬಸ್ಸಿನಲ್ಲೇ ಓಡಾಡಿದವನು. ನಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಓಪಲ್ ಮೇಡಂ, ನೆಬ್ರಾಸ್ಕಾ ಇದನ್ನ ಒಪ್ಪಲ್ಲ. ಇಲ್ಲಿನ ಲೆಕ್ಕದಲ್ಲಿ ನಿಮ್ಮಿಬ್ಬರಿಗೆ ಸಂಬಂಧವೇ ಇಲ್ಲ."

"ಒಳ್ಳೇದಾಯ್ತು. ಹಾಗಾದ್ರೆ ಬಿಡುಗಡೆ ಆಯ್ತಲ್ಲ?"

"ಇಲ್ಲ. ಇಲ್ಲದೇ ಇರೋದನ್ನ ಇಲ್ಲಿನ ಕೋರ್ಟು ಹೇಗೆ ಮುರಿಯುತ್ತೆ? ಇಲ್ಲಿ ನೀವು ಒಂಟಿ. ವರ್ಮಾಂಟಿನಲ್ಲಿ ಜೋಡಿ."

"ಮಧ್ಯದ ರಾಜ್ಯಗಳಲ್ಲಿ?"

"ಅದು ನೀವು ಯಾವ ದಾರೀಲಿ ಹೋಗ್ತೀರ ಅನ್ನೋದರ ಮೇಲೆ."

ಮುರಿಯುವುದಾದರೆ ವರ್ಮಾಂಟಿನಲ್ಲೇ ಮುರಿಯಬೇಕು. ಅದಕ್ಕೆ ಇಬ್ಬರಲ್ಲಿ ಒಬ್ಬರು ಅಲ್ಲಿ ಹೋಗಿ ವಾಸ ಮಾಡಬೇಕು. ಆರು ತಿಂಗಳಾದ ಮೇಲೆ ಅರ್ಜಿ, ವರ್ಷ ತುಂಬಿದ ಮೇಲೆ ತೀರ್ಪು. ಕಟ್ಟಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಗಿತ್ತು.

"ನೀನೇ ಹೋಗು," ಎಂದಳು ಟ್ರೂಡಿ. "ನನ್ನ ಮುಂದೆ ಶಾಲೆಯ ಬ್ಯಾಂಡಿನವರ ನಲವತ್ತು ಪ್ಯಾಂಟು ಬಿದ್ದಿವೆ. ನಿನಗೇನು, ನಿವೃತ್ತಿ."

"ಹೋಗ್ತೀನಿ. ವರ್ಷವಲ್ಲ, ಹತ್ತು ವರ್ಷ ಬೇಕಾದ್ರೂ ಇರ್ತೀನಿ."

"ಒಂದೇ ಸಾಕಂತೆ," ಎನ್ನುತ್ತ ಅವಳು ನನ್ನ ಪೆಟ್ಟಿಗೆಗೆ ಉಣ್ಣೆಯ ಕಾಲುಚೀಲ ತುಂಬತೊಡಗಿದಳು. ಏಳು ಜೊತೆ. ಆ ಉತ್ಸಾಹ ನೋಡಿ ನನಗೆ ಸಿಟ್ಟೇ ಬಂತು. ತೊರೆದು ಹೋಗುತ್ತಿರುವವಳು ನಾನು. ಅವಳು ಪ್ರವಾಸಕ್ಕೆ ಕಳಿಸುವವಳಂತೆ ದಾರಿಗೆ ಗಸಗಸೆಯ ಕೊಲಾಚಿ ಬನ್ನುಗಳನ್ನೂ ಕಟ್ಟಿಕೊಟ್ಟಳು. (ಅವು ಅಯೋವಾ ದಾಟುವಷ್ಟರಲ್ಲಿ ಮುಗಿದವು.)

ವರ್ಮಾಂಟಿನ ಒಂದು ಸಣ್ಣ ಊರಿನಲ್ಲಿ ವಿನಿಫ್ರೆಡ್ ಎಂಬ ಮುದುಕಿಯ ಮನೆಯಲ್ಲಿ ಕೋಣೆ ಸಿಕ್ಕಿತು. ಆಕೆ ಆಡು ಸಾಕುತ್ತಿದ್ದಳು, ಸಂಜೆ ಹೆಣೆಯುತ್ತಿದ್ದಳು, ಮಾತು ಕಡಿಮೆ. ಮೊದಲ ಸಂಜೆಯೇ ನನ್ನ ಹಿಮಪ್ರಳಯವನ್ನು ಬಿಚ್ಚಿದೆ. ಮೂವತ್ತೆರಡು ಮಕ್ಕಳು, ಕಿಟಕಿಯವರೆಗೆ ಹಿಮ. ಯಾರೂ ತಡೆಯಲಿಲ್ಲ. ಸ್ವಾತಂತ್ರ್ಯವೆಂದರೆ ಇದು ಎನ್ನಿಸಿತು.

"ಹಾಗೂ ಆಗುತ್ತೆ," ಎಂದಳು ವಿನಿಫ್ರೆಡ್.

ಮುಂದಿನ ವಾರ ಹಿಮ ಬಸ್ಸಿನ ಚಾವಣಿಗೇರಿತು, ಮಕ್ಕಳು ನಲವತ್ತೈದಾದರು. ಬೇಸಗೆ ಕಳೆಯುವಷ್ಟರಲ್ಲಿ ಅರವತ್ತು ಮಕ್ಕಳು, ಎರಡು ತೋಳ. ಕಡೆಗೆ ತಾಳಲಾರದೆ ಒಂದು ಕರಡಿಯನ್ನು ಬಸ್ಸಿನ ಮೆಟ್ಟಿಲು ಹತ್ತಿಸಿದೆ, ಅದರ ಕೈಲಿ ಬಾಗಿಲು ತೆಗೆಸಿದೆ.

"ಹಾಗೂ ಆಗುತ್ತೆ," ಎಂದಳು ವಿನಿಫ್ರೆಡ್, ಹೆಣಿಗೆಯ ಕುಣಿಕೆ ಎಣಿಸುತ್ತ.

ಎದುರಾಡುವವರಿಲ್ಲದ ಕಥೆ ಉಪ್ಪಿಲ್ಲದ ಸೂಪಿನಂತೆ ಗಂಟಲಲ್ಲಿ ಇಳಿಯಲಿಲ್ಲ. ಆ ರಾತ್ರಿಯಿಂದ ಕಥೆ ಹೇಳುವುದನ್ನೇ ಬಿಟ್ಟೆ. ಆಡುಗಳಿಗೆ ಹುಲ್ಲು ಹಾಕಿದೆ.

ಅಕ್ಟೋಬರಿನಲ್ಲಿ ಅರ್ಜಿ ತುಂಬಲು ಕೂತಾಗ ನಿಜವಾದ ಸಂಕಟ ಶುರುವಾಯಿತು. ಅದರಲ್ಲಿ ಬರೀ ತಾರೀಖುಗಳು, ಎಲ್ಲವೂ ಪ್ರಮಾಣ ಮಾಡಿ ಬರೆಯಬೇಕಾದವು. ಫೋನು ಎತ್ತಿದೆ.

"ಏನು?" ಎಂದಳು ಟ್ರೂಡಿ. ಬಾಯಲ್ಲಿ ಗುಂಡುಸೂಜಿಗಳಿದ್ದವೆಂದು ದನಿಯಲ್ಲೇ ತಿಳಿಯಿತು.

"ಕೋರ್ಟಿನ ಕೆಲಸಕ್ಕೆ ಮಾಡಿದ್ದು, ಬೇರೇನಿಲ್ಲ. ನಮ್ಮ ಬಂಧ ಆದದ್ದು ಜೂನ್ ಹದಿನಾಲ್ಕು ತಾನೇ?"

"ಹದಿನಾರು. ಶನಿವಾರ. ನೀನು ಹೊಸ ಬಿಳಿ ಬೂಟು ಹಾಕಿದ್ದೆ, ಕಾಲು ಕಚ್ಚಿ ಕುಂಟ್ತಾ ಇದ್ದೆ."

"ಎರಡೂ ಕಾಲು ಕಚ್ಚಿತ್ತು."

"ಎಡಗಾಲು ಒಂದೇ. ನಾನೇ ಅಲ್ವಾ ಪಟ್ಟಿ ಹಾಕಿದ್ದು."

ಎಷ್ಟು ತಿಂಗಳಾಗಿತ್ತು ಯಾರಾದರೂ ನನ್ನನ್ನು ಹಾಗೆ ತಿದ್ದಿ. ಮುಂದಿನ ಭಾನುವಾರ ಮತ್ತೊಂದು ತಾರೀಖು ಬೇಕಾಯಿತು. ಅದರ ಮುಂದಿನ ಭಾನುವಾರವೂ. ಅರ್ಜಿ ಎರಡೇ ಪುಟದ್ದು. ನನ್ನ ತಾರೀಖುಗಳು ಮಾರ್ಚ್‌ವರೆಗೂ ಮುಗಿಯಲಿಲ್ಲ. ಟ್ರೂಡಿಯೂ ಯಾಕೆಂದು ಕೇಳಲಿಲ್ಲ.

ಏಪ್ರಿಲ್ ತಿಂಗಳಲ್ಲಿ ವಿಚಾರಣೆ. ಟ್ರೂಡಿ ಎರಡು ದಿನ ರೈಲಿನಲ್ಲಿ ಕೂತು ಬಂದಳು. ತಾನೇ ಹೊಲಿದ ನೀಲಿ ಕೋಟು ಹಾಕಿದ್ದಳು. ನನ್ನನ್ನು ಕಂಡವಳೇ ನನ್ನ ಕಾಲರನ್ನು ಸರಿಮಾಡಿದಳು. ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ ಕಾರಣ ಕೇಳಿದರು.

ನಾನು ಎದ್ದು ನಿಂತು ಆ ನಿವೃತ್ತಿ ಊಟದ ಅವಮಾನವನ್ನು ಸವಿಸ್ತಾರವಾಗಿ ನಿವೇದಿಸಿದೆ.

"ಬಸ್ಸಿನಲ್ಲಿ ಮಕ್ಕಳು ಎಷ್ಟಿದ್ದರು?" ಎಂದರು ಅವರು.

ಅರವತ್ತು ಎನ್ನಲು ಬಾಯಿ ತೆರೆದೆ. ಪ್ರಮಾಣ ಮಾಡಿದ ಕೈ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಟ್ರೂಡಿ ಬ್ಯಾಗಿನ ಗುಂಡಿ ನೋಡುತ್ತಿದ್ದಳು.

"ಹನ್ನೊಂದು," ಎಂದೆ.

"ಹಿಮ?"

"ತುಂತುರು ಮಳೆ, ಮೇಡಂ."

"ಹಾಗಾದರೆ ಈಕೆ ಹೇಳಿದ್ದು ನಿಜ."

"ಅದೇ ನನ್ನ ದೂರು," ಎಂದೆ.

ಅವರು ತುಟಿ ಬಿಗಿಹಿಡಿದು ಸಹಿ ಹಾಕಿದರು. ಏಳು ವರ್ಷ ಹತ್ತು ತಿಂಗಳ ಬಂಧ ಒಂಬತ್ತು ನಿಮಿಷದಲ್ಲಿ ಬಿಚ್ಚಿಹೋಯಿತು.

ಎದುರಿನ ಹೋಟೆಲಿನಲ್ಲಿ ಕೂತು ಪ್ಯಾನ್‌ಕೇಕ್ ತಿಂದೆವು. ಟ್ರೂಡಿ ಸಂತೋಷವಾಗಿದ್ದಳು. ನನಗೆ ಮಾತ್ರ ಹಲ್ಲು ಕಿತ್ತ ಜಾಗದಲ್ಲಿ ನಾಲಗೆ ಆಡಿಸಿದ ಹಾಗಾಗುತ್ತಿತ್ತು.

"ನೆಬ್ರಾಸ್ಕಾಕ್ಕೆ ವಾಪಸ್ ಬರೋಣ ಅಂತಿದ್ದೀನಿ," ಎಂದೆ, ಯಾರಿಗೋ ಹೇಳುವಂತೆ. "ಇರೋದಕ್ಕೆ ಎಲ್ಲಾದ್ರೂ ಕೋಣೆ ನೋಡಬೇಕು."

"ನಮ್ಮ ಮಹಡಿ ಕೋಣೆ ಖಾಲಿ ಇದೆ," ಎಂದಳು. ಮನೆ ಅವಳ ತಾಯಿಯದು. ಈಗ ಟ್ರೂಡಿಯ ಹೆಸರಿಗೇ ಇರುವುದು.

ನನ್ನ ಎದೆ ಹಗುರಾಯಿತು. ಅವಳು ಬ್ಯಾಗು ತೆಗೆದು ನಾಲ್ಕು ಪುಟದ ಕಾಗದವೊಂದನ್ನು ಸಿರಪ್ಪಿನ ಬಾಟಲಿಗೆ ಒರಗಿಸಿ ನಿಲ್ಲಿಸಿದಳು. "ಬಾಡಿಗೆ ಕರಾರು. ರೈಲಿನಲ್ಲಿ ಬರೆದೆ. ಓದಿ ಸಹಿ ಮಾಡು."

ಬಾಡಿಗೆಯ ಬದಲು ಅಂಗಳದ ಹಿಮ ತೆಗೆಯುವುದು, ಹುಲ್ಲು ಕತ್ತರಿಸುವುದು, ಗುರುವಾರ ಕಸದ ಡಬ್ಬಿ ಹೊರಗಿಡುವುದು. ರೇಡಿಯೊ ಎಂಟರ ನಂತರ ಇಲ್ಲ. ಅಡುಗೆಮನೆಗೆ ಬೂಟು ನಿಷಿದ್ಧ. ಸಹಿ ಹಾಕಿದೆ. ಜೊತೆಗಾತಿಯಾಗಿದ್ದಾಗ ಇದರಲ್ಲಿ ಒಂದೊಂದಕ್ಕೂ ವಾರಗಟ್ಟಲೆ ವಾದ ಮಾಡಿದ್ದೇನೆ. ಬಾಡಿಗೆದಾರಳಿಗೆ ವಾದವೆಲ್ಲಿ? ಊರಿಗೆ ಬಂದು ಕೆಸ್ಲರನಿಗೆ ತೋರಿಸಿದೆ.

"ಅಚ್ಚುಕಟ್ಟಾಗಿದೆ," ಎಂದ. "ತಿಂಗಳ ನೋಟೀಸು ಕೊಟ್ಟು ಅವರು ನಿಮ್ಮನ್ನ ಖಾಲಿ ಮಾಡಿಸಬಹುದು. ಇದಕ್ಕೆ ವರ್ಮಾಂಟಿಗೆ ಹೋಗೋದೂ ಬೇಕಿಲ್ಲ. ನೆಬ್ರಾಸ್ಕಾ ಇದನ್ನ ಪೂರ್ತಿ ಒಪ್ಪುತ್ತೆ."

ಆ ತಿಂಗಳ ಕೊನೆಗೇ ಪಕ್ಕದ ಅಯೋವಾ ರಾಜ್ಯದಲ್ಲಿ ನಮ್ಮಂಥವರಿಗೂ ಮದುವೆಯಾಗಲು ಅನುಮತಿ ಸಿಕ್ಕಿತು. ಬಂಧ ಗಿಂಧ ಅಲ್ಲ, ಮದುವೆ ಎಂದೇ ಹೆಸರು. ಒಂದು ವಾರ ಯೋಚಿಸಿದೆ. ಎಂಟನೇ ದಿನ ಊಟದ ಹೊತ್ತಿಗೆ, ಬೂಟು ಬಿಚ್ಚಿ, ಅಡುಗೆಮನೆಯ ಬಾಗಿಲು ತಟ್ಟಿದೆ.

"ಟ್ರೂಡಿ, ನದಿ ದಾಟಿದ್ರೆ ಅಯೋವಾ. ಒಂದು ಮಧ್ಯಾಹ್ನದ ಕೆಲಸ."

ಅವಳು ಆಲೂಗಡ್ಡೆ ಹಿಸುಕುವುದನ್ನು ನಿಲ್ಲಿಸಿದಳು. ಕಿವಿ ಕೆಂಪಾದದ್ದು ಕಂಡಿತು. ಆಮೇಲೆ ಮತ್ತೆ ಹಿಸುಕತೊಡಗಿದಳು.

"ಹನ್ನೆರಡನೇ ಕಲಮು ನೋಡು," ಎಂದಳು.

ಹನ್ನೆರಡನೇ ಕಲಮಿನ ಪ್ರಕಾರ, ಕರಾರಿನಲ್ಲಿ ಯಾವುದೇ ಬದಲಾವಣೆ ಬೇಕಿದ್ದರೆ ಬಾಡಿಗೆದಾರರು ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಮಾಲೀಕರು ಮೂವತ್ತು ದಿನದೊಳಗೆ ಉತ್ತರಿಸುವರು. ಐವತ್ತೆಂಟನೇ ವಯಸ್ಸಿನಲ್ಲಿ ರೂಲು ಹಾಕಿದ ಹಾಳೆಯ ಮೇಲೆ ನಾನು ಮದುವೆಗೆ ಅರ್ಜಿ ಬರೆದೆ. ಅವಳ ಹೊಲಿಗೆ ಮಿಷನ್ನಿನ ಮೇಲಿಟ್ಟು ಬಂದೆ.

ಇವತ್ತಿಗೆ ಹದಿನಾಲ್ಕನೇ ದಿನ. ಬೆಳಿಗ್ಗೆ ನನ್ನ ಕೋಣೆಯ ಬಾಗಿಲಡಿ ಒಂದು ಚೀಟಿ ತೂರಿ ಬಂತು. "ಅರ್ಜಿ ಪರಿಶೀಲನೆಯಲ್ಲಿದೆ. ಒಪ್ಪಿಗೆಯ ಲಕ್ಷಣ ಕಾಣುತ್ತಿದೆ. ಅಷ್ಟರೊಳಗೆ ಅರ್ಜಿದಾರರು ಚಾವಣಿಯ ಮಳೆನೀರಿನ ದೋಣಿಗಳಲ್ಲಿ ಕಟ್ಟಿಕೊಂಡ ಎಲೆ ತೆಗೆಯತಕ್ಕದ್ದು."

ಕರಾರನ್ನು ನಾಲ್ಕು ಪುಟವೂ ಹುಡುಕಿದೆ, ಎಲೆಯ ವಿಷಯ ಅದರಲ್ಲಿ ಎಲ್ಲೂ ಇಲ್ಲ. ಏಣಿ ಹಾಕಿಕೊಂಡು ಹತ್ತಿದ್ದೇನೆ. ಕೆಳಗೆ ಟ್ರೂಡಿ ಏಣಿ ಹಿಡಿದು ನಿಂತಿದ್ದಾಳೆ.