ಹಿಂದಿನ ಗಾಜಿನ ಮೇಲಿನ ಕಾಲೇಜು

ಮಕ್ಕಳ ಕಾಲೇಜಿನ ಹೆಸರನ್ನು ಕಾರಿನ ಹಿಂದಿನ ಗಾಜಿಗೆ ಅಂಟಿಸುವ ಪದ್ಧತಿಯನ್ನು ಶುರು ಮಾಡಿದ ಪುಣ್ಯಾತ್ಮ ಯಾರೆಂದು ನನಗೆ ಗೊತ್ತಿಲ್ಲ. ಸಿಕ್ಕರೆ ಅವನ ಕೈಗೊಂದು ಬ್ಲೇಡು ಕೊಟ್ಟು, ನನ್ನ ಕಾರಿನ ಹಿಂದಿನ ಸೀಟಿನ ಮೇಲೆ ಮಂಡಿಯೂರಿಸಿ, ಮುಂದಿನ ಕೆಲಸ ನೀನೇ ನೋಡಿಕೋ ಎಂದು ಹೇಳುವ ಆಸೆಯಿದೆ.

ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಬ್ಬ ಮನುಷ್ಯನ ಯೋಗ್ಯತೆ ಅಳೆಯಲು ಅವನ ಮುಖ ನೋಡಬೇಕಾಗಿಲ್ಲ, ಅವನ ಕಾರಿನ ಬೆನ್ನು ನೋಡಿದರೆ ಸಾಕು. ನನ್ನ ಹೆಂಡತಿ ಮಾರ್ಲಿಸಳ ಅಣ್ಣ ನಾರ್ಬರ್ಟ್ ಎರಡು ವರ್ಷದಿಂದ ಪ್ರತಿ ಭಾನುವಾರ ಚರ್ಚಿನ ಅಂಗಳದಲ್ಲಿ ಸರಿಯಾಗಿ ನನ್ನ ಕಾರಿನ ಮುಂದೆಯೇ ತನ್ನ ಕಾರು ನಿಲ್ಲಿಸುತ್ತಿದ್ದ. ಅವನ ಗಾಜಿನ ಮೇಲೆ ಅವನ ಮಗ ಕರ್ಟಿಸ್ ಓದುತ್ತಿದ್ದ ಪೂರ್ವ ಕರಾವಳಿಯ ಖಾಸಗಿ ಕಾಲೇಜಿನ ಹೆಸರು ಚಿನ್ನದ ಅಕ್ಷರಗಳಲ್ಲಿ ವಿರಾಜಮಾನವಾಗಿತ್ತು, ಅದರ ಕೆಳಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು. (ಅದರ ಅರ್ಥವೇನೆಂದು ನಾನೊಮ್ಮೆ ಕೇಳಿದ್ದೆ. "ಅದು ಹಾಗೆಲ್ಲ ಬಿಡಿಸಿ ಹೇಳೋದಲ್ಲ ಕಣಯ್ಯಾ" ಅಂದ. ಅವನಿಗೂ ಗೊತ್ತಿರಲಿಲ್ಲ.) ಒಳಗೆ ಪಾದ್ರಿಗಳು ವಿನಯದ ಬಗ್ಗೆ ಎಷ್ಟೇ ಉಪದೇಶ ಮಾಡಿದರೂ, ಹೊರಗೆ ಬಂದ ಕೂಡಲೇ ಆ ಲ್ಯಾಟಿನ್ ಸಾಲು ನನ್ನ ದಾರಿ ಕಾಯುತ್ತಿರುತ್ತಿತ್ತು.

ಹಾಗಾಗಿ ಮಾರ್ಚ್ ಕೊನೆಯಲ್ಲಿ ನಮ್ಮ ಒಬ್ಬಳೇ ಮಗಳು ಬ್ರಿಟಾಳಿಗೆ ಹ್ಯಾರಿಂಗ್‌ವುಡ್ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ನನ್ನ ಎದೆ ಎರಡಂಗುಲ ಅಗಲವಾಯಿತು. ಒಟ್ಟು ಒಂಬೈನೂರು ವಿದ್ಯಾರ್ಥಿಗಳ ಪುಟ್ಟ ಕಾಲೇಜು ಅದು. ಸ್ಟೇಟಿನಲ್ಲೂ ಅವಳಿಗೆ ಸೀಟು ಸಿಕ್ಕಿತ್ತು, ನಿಜ. ಸ್ಟೇಟ್ ಅಂದರೆ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ನಲವತ್ತು ಸಾವಿರ ವಿದ್ಯಾರ್ಥಿಗಳು, ರಾಜ್ಯದ ಮಕ್ಕಳಿಗೆ ಅರ್ಧಕ್ಕಿಂತ ಕಡಿಮೆ ಫೀಸು. ನಮ್ಮೂರಿನ ಹಲ್ಲಿನ ಡಾಕ್ಟರು, ದನದ ಡಾಕ್ಟರು, ಪಾದ್ರಿಗಳ ಹೆಂಡತಿ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ನನ್ನ ಧರ್ಮಪತ್ನಿ, ಎಲ್ಲರೂ ಅಲ್ಲೇ ಓದಿದವರು. ಊರಿಗೂರೇ ಓದಿದ ಕಡೆ ನನ್ನ ಮಗಳೂ ಓದಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು?

ನಾನು ಮಾತ್ರ ಯಾವ ಕಾಲೇಜನ್ನೂ ಓದಿದವನಲ್ಲ. ಇಪ್ಪತ್ತಾರು ವರ್ಷದಿಂದ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಮೊಳೆ, ಅಂಟು, ಬಣ್ಣ, ಸೋರುವ ನಲ್ಲಿ, ಇವುಗಳ ವಿಷಯದಲ್ಲಿ ಈ ಊರಿನವರು ಲೆಸ್ಟರನ, ಅಂದರೆ ನನ್ನ, ಮಾತನ್ನು ಮೀರುವುದಿಲ್ಲ. (ಮನೆಯ ಪರಿಸ್ಥಿತಿ ಬೇರೆ.)

ಏಪ್ರಿಲ್ ಮೊದಲ ವಾರ ನಾನೂ ಬ್ರಿಟಾಳೂ ಹ್ಯಾರಿಂಗ್‌ವುಡ್ ನೋಡಲು ಹೋದೆವು. ಕಾಲೇಜು ತೋರಿಸಲು ಬಂದ ಹುಡುಗಿ ನಮ್ಮ ಕಡೆಗೆ ಮುಖ ಮಾಡಿ, ಹಿಂದು ಹಿಂದಕ್ಕೆ ನಡೆಯುತ್ತಾ, ಒಂದು ಗಂಟೆ ಮಾತಾಡಿದಳು. ಒಂದೇ ಒಂದು ಮೆಟ್ಟಿಲಿಗೂ ಎಡವಲಿಲ್ಲ. ಇಂಥ ವಿದ್ಯೆ ಬೇರೆಲ್ಲಿ ಸಿಗುತ್ತದೆ? ಕಲ್ಲಿನ ಗೋಡೆಗೆ ಬಳ್ಳಿ ಹಬ್ಬಿತ್ತು, ಊಟದ ಮನೆಯಲ್ಲಿ ಸಲಾಡಿಗೆ ಹಾಕಿಕೊಳ್ಳಲೆಂದೇ ನಾಲ್ಕು ಬಗೆಯ ವಿನೆಗರ್ ಇತ್ತು.

"ಇಲ್ಲಿ ನಮ್ಮ ಪ್ರೊಫೆಸರುಗಳಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿರುತ್ತೆ" ಅಂದಳು ಆ ಹುಡುಗಿ.

ಅಲ್ಲಿಗೆ ನಾನು ಸೋತೆ. ನಲವತ್ತು ಸಾವಿರ ಜನರ ನಡುವೆ ನನ್ನ ಮಗಳು ಎಲ್ಲಿ ಕಳೆದುಹೋಗುತ್ತಾಳೋ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು. ಎಲ್ಲವನ್ನೂ ನಾರ್ಬರ್ಟನ ತಲೆಗೆ ಕಟ್ಟುವುದು ನ್ಯಾಯವಲ್ಲ.

"ಇಲ್ಲಿ ಕೀಟಗಳ ಬಗ್ಗೆ ಓದೋಕೆ ಏನಿದೆ?" ಎಂದು ಬ್ರಿಟಾ ಕೇಳಿದಳು. ಹತ್ತನೇ ವಯಸ್ಸಿನಿಂದ ಇವಳಿಗೆ ಜೇನುನೊಣದ ಹುಚ್ಚು.

ಹುಡುಗಿ ಮೊದಲ ಬಾರಿಗೆ ಹೆಜ್ಜೆ ತಪ್ಪಿದಳು. "ಲೈಬ್ರರೀಲಿ ಒಂದು ಪೆಟ್ಟಿಗೆ ಚಿಟ್ಟೆ ಇದೆ" ಅಂದಳು.

ಬ್ರಿಟಾ ಚಿಟ್ಟೆ ನೋಡಲು ಹೋದ ಸಮಯದಲ್ಲಿ ನಾನು ಕಾಲೇಜಿನ ಅಂಗಡಿಗೆ ನುಗ್ಗಿ, ಇದ್ದುದರಲ್ಲೇ ದೊಡ್ಡ ಸ್ಟಿಕ್ಕರ್ ಕೊಂಡೆ. ಮೊಳದುದ್ದದ ಅಕ್ಷರಗಳು, ಎರಡು ಸಾಲು ಲ್ಯಾಟಿನ್. ಅವಳು ವಾಪಸು ಬರುವಷ್ಟರಲ್ಲಿ ಅದು ಹಿಂದಿನ ಗಾಜಿನ ಒಳಮೈಗೆ, ನಟ್ಟನಡುವೆ, ಒಂದು ಗುಳ್ಳೆಯೂ ಬರದ ಹಾಗೆ ಅಂಟಿಕೊಂಡಿತ್ತು.

"ಅಪ್ಪಾ, ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ" ಅಂದಳು ಬ್ರಿಟಾ.

"ಮಾಡು, ಮಾಡು. ಮೇ ಒಂದರ ತನಕ ಟೈಮಿದೆ. ಯಾರು ಬೇಡ ಅಂದ್ರು?" ಅಂದೆ ನಾನು, ಗಾಜು ಒರೆಸುತ್ತಾ.

ಮುಂದಿನ ವಾರ, ನ್ಯಾಯಕ್ಕೆಂದು, ಸ್ಟೇಟಿಗೂ ಕರೆದುಕೊಂಡು ಹೋದೆ. ಕಾರು ನಿಲ್ಲಿಸಿದ ಜಾಗದಿಂದ ಕಾಲೇಜಿಗೇ ಒಂದು ಬಸ್ಸು ಹಿಡಿಯಬೇಕಾಯಿತು. ಒಂದು ತರಗತಿಯಲ್ಲಿ ಮುನ್ನೂರೈವತ್ತು ಮಂದಿ. ಹಿಂದಿನ ಸಾಲಿನಲ್ಲೊಬ್ಬ ನೆಮ್ಮದಿಯಾಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಕೊನೆಗೆ ದನದ ಕೊಟ್ಟಿಗೆಗಳನ್ನು ದಾಟಿ ಜೇನುಪೆಟ್ಟಿಗೆಗಳಿದ್ದ ಬಯಲಿಗೆ ಬಂದೆವು. ಅಲ್ಲಿ ಮುಖಕ್ಕೆ ಬಲೆ ಹಾಕಿಕೊಂಡ ಒಬ್ಬ ಮುದುಕಿ ಪೆಟ್ಟಿಗೆಯೊಳಕ್ಕೆ ತಲೆಹಾಕಿ ನಿಂತಿದ್ದಳು. ಪ್ರೊಫೆಸರಂತೆ. ಬ್ರಿಟಾ ಏನೋ ಕೇಳಿದಳು, ಮುದುಕಿ ಏನೋ ಹೇಳಿದಳು, ಇಬ್ಬರೂ ಸೇರಿ ಮುಕ್ಕಾಲು ಗಂಟೆ ನನ್ನನ್ನು ಮರೆತರು. ನನ್ನನ್ನು ಮರೆಯದಿದ್ದದ್ದು ಒಂದು ಜೇನುನೊಣ ಮಾತ್ರ. ಅದು ಮೂಗಿನ ತುದಿಗೇ ಕುಟುಕಿತು.

ಮನೆಗೆ ಬಂದಾಗ ನನ್ನ ಮೂಗು ಆಲೂಗೆಡ್ಡೆಯಾಗಿತ್ತು. "ಹೇಗಿತ್ತು ನಮ್ಮ ಸ್ಟೇಟು?" ಎಂದು ಕೇಳಿದಳು ಮಾರ್ಲಿಸ್.

"ನೋಡ್ತಿದೀಯಲ್ಲ" ಅಂದೆ.

ಆಮೇಲಿನ ಎರಡು ವಾರ ನನ್ನ ಬಾಳಿನ ಸುವರ್ಣಯುಗ. ಭಾನುವಾರ ನಾರ್ಬರ್ಟನಿಗಿಂತ ಮೊದಲೇ ಹೋಗಿ, ನನ್ನ ಕಾರಿನ ಬೆನ್ನು ಅವನ ಮೂತಿಗೆ ಸರಿಯಾಗಿ ಬರುವಂತೆ ನಿಲ್ಲಿಸಿದೆ. ಅಂಗಡಿಗೆ ಎರಡು ಮೊಳೆ ಕೊಳ್ಳಲು ಬಂದವರೂ ಹ್ಯಾರಿಂಗ್‌ವುಡ್ಡಿನ ವಿನೆಗರ್ ವಿಚಾರ ಕೇಳಿಸಿಕೊಂಡೇ ಹೋಗಬೇಕಿತ್ತು. ಬ್ರಿಟಾ ಮಾತ್ರ ದಿನೇ ದಿನೇ ಮೌನವಾದಳು. ಸಂತೋಷ ಜಾಸ್ತಿಯಾದರೆ ಕೆಲವರು ಹೀಗಾಗುತ್ತಾರೆ ಎಂದುಕೊಂಡೆ.

ಏಪ್ರಿಲಿನ ಕೊನೆಯ ಶುಕ್ರವಾರ ಸಂಜೆ ಊರಿನ ವಾಡಿಕೆಯಂತೆ ಕರಿದ ಮೀನಿನ ಊಟಕ್ಕೆ ನಾರ್ಬರ್ಟನ ಮನೆಯವರ ಜೊತೆ ಹೋಟೆಲಿಗೆ ಹೋಗುವುದಿತ್ತು. ನಾನು ಶೂಗೆ ಪಾಲಿಶ್ ಹಾಕುತ್ತಿದ್ದಾಗ ಮಾರ್ಲಿಸ್ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದು ಎದುರಿಗೆ ನಿಂತಳು.

"ನಿನ್ನ ಮಗಳು ನಾಳೆ ಹ್ಯಾರಿಂಗ್‌ವುಡ್‌ಗೆ ಒಪ್ಪಿಗೆ ಕಳಿಸ್ತಾಳಂತೆ."

"ಭೇಷ್."

"ಭೇಷ್ ಅಂತೆ. ಅವಳಿಗೆ ಬೇಕಾಗಿರೋದು ಸ್ಟೇಟು. ನಿನ್ನ ಹತ್ರ ಹೇಳೋಕೆ ಅವಳಿಗೆ ಬಾಯೇ ಬರ್ತಿಲ್ಲ. ಸ್ಟಿಕ್ಕರು ಗಾಜಿಗೆ ಅಂಟಿಸ್ದೆ ಅಂತ ನೀನಂದ್ಕೊಂಡಿದೀಯ. ನೀನು ಅಂಟಿಸಿದ್ದು ಅವಳ ಬಾಯಿಗೆ."

"ನಾನೇನು ಬಲವಂತ ಮಾಡಿದ್ನಾ?"

"ಬಲವಂತ ಮಾಡಿದ್ರೆ ಜಗಳ ಆಡಿರೋಳು. ನೀನು ಇಡೀ ಊರಿಗೆ ಹೇಳ್ಕೊಂಡು ಬಂದೆ. ಅಪ್ಪನ ಮರ್ಯಾದೆ ಹೋಗುತ್ತೆ ಅಂತ ಇಷ್ಟವಿಲ್ಲದ ಕಡೆ ನಾಲ್ಕು ವರ್ಷ ಇರೋಕೆ ಹೊರಟಿದಾಳೆ." ಅವಳು ಎರಡು ಕಾಗದಗಳನ್ನು ನನ್ನ ಮಡಿಲಿಗೆ ಹಾಕಿದಳು. "ಓದು. ಹೆಸರು, ಹೆಸರು ಅಂತಿದ್ಯಲ್ಲ."

ಒಂದು ಹ್ಯಾರಿಂಗ್‌ವುಡ್ಡಿನಿಂದ ಬಂದದ್ದು. ದಪ್ಪ ಕಾಗದ. "ಪ್ರಿಯ ವಿದ್ಯಾರ್ಥಿಯೇ" ಎಂದು ಶುರುವಾಗಿತ್ತು. ಇನ್ನೊಂದು ಅಂಚೆಕಾರ್ಡು, ಮೂಲೆಯಲ್ಲಿ ಮೇಣದ ಕಲೆ. "ಬ್ರಿಟಾ, ಅವತ್ತು ನೀನು ಹೇಳಿದ್ದೇ ಸರಿ. ಮೂರನೇ ಪೆಟ್ಟಿಗೆಯ ರಾಣಿ ಬದುಕಿದ್ದಾಳೆ, ಮೊಟ್ಟೆ ಇಡುತ್ತಿದ್ದಾಳೆ. ಬಂದು ನೋಡು. ನಿನ್ನ ತಂದೆಯ ಮೂಗು ಹೇಗಿದೆ?"

ಕಾರ್ಡನ್ನು ಎರಡು ಸಲ ಓದಿದೆ. ನಲವತ್ತು ಸಾವಿರ ಜನರ ಆ ಸಂತೆಯಲ್ಲಿ ಯಾರೋ ಒಬ್ಬಾಕೆ ನನ್ನ ಮಗಳ ಹೆಸರನ್ನು ನೆನಪಿಟ್ಟುಕೊಂಡಿದ್ದಳು, ಜೊತೆಗೆ ನನ್ನ ಮೂಗನ್ನೂ. ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಮಹಾತ್ಯಾಗದ ಆವೇಶ ಬಂತು, ಅದೇ ಎಡವಟ್ಟಾದದ್ದು. ಬ್ರಿಟಾ ಕಾರು ಹತ್ತುವ ಮೊದಲು ಆ ಸ್ಟಿಕ್ಕರ್ ಅಲ್ಲಿರಬಾರದು, ಬೋಳು ಗಾಜನ್ನು ನೋಡಿ ಅವಳ ಕಣ್ಣು ತುಂಬಿಬರಬೇಕು ಎಂದು ಶಪಥ ಮಾಡಿದೆ.

ಈಗ ಸ್ವಲ್ಪ ಕೇಳಿ. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕರಗಿಸುವ ಕೂದಲೆಳೆಯಂಥ ತಂತಿಗಳಿರುತ್ತವೆ. ಅಲ್ಲಿ ಬ್ಲೇಡು ಆಡಿಸಬಾರದು. ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು, ಮೂಲೆಯಿಂದ ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಬೇಕು. ಇಪ್ಪತ್ತಾರು ವರ್ಷದಲ್ಲಿ ಕಡಿಮೆಯೆಂದರೂ ಇನ್ನೂರು ಗಿರಾಕಿಗಳಿಗೆ ನಾನು ಈ ಪಾಠ ಮಾಡಿದ್ದೇನೆ. ಆದರೆ ನಮ್ಮ ಮನೆಯ ಏಕೈಕ ಹೇರ್ ಡ್ರೈಯರ್ ಆ ಕ್ಷಣದಲ್ಲಿ ಮಾರ್ಲಿಸಳ ತಲೆಯ ಮೇಲೆ ಗುಂಯ್‌ಗುಡುತ್ತಿತ್ತು. ಕೇಳಿದರೆ ತ್ಯಾಗದ ಗುಟ್ಟು ರಟ್ಟಾಗುತ್ತದೆ. ಇದ್ದದ್ದು ಅರ್ಧ ಗಂಟೆ. ಬ್ಲೇಡು ತೆಗೆದುಕೊಂಡೆ.

ಸ್ಟಿಕ್ಕರೇನೋ ಬಂತು. ಅದರ ಜೊತೆಗೆ ತೆಳ್ಳನೆಯ ಕಂದು ದಾರಗಳಂಥವು ಏನೇನೋ ಬಂದವು. ನೋಡಿಯೂ ನೋಡದವನಂತೆ ಅವನ್ನು ಜೇಬಿಗೆ ಹಾಕಿಕೊಂಡೆ.

ಬ್ರಿಟಾ ಹೆಡ್‌ಫೋನ್ ಹಾಕಿಕೊಂಡು, ತಲೆತಗ್ಗಿಸಿ ಬಂದು ಕಾರಿನಲ್ಲಿ ಕೂತಳು. ಹಿಂದಿನ ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ಇರಲಿ, ಹೋಟೆಲಿನಲ್ಲಿ ಬಾಯಿಬಿಟ್ಟೇ ಹೇಳೋಣ ಎಂದುಕೊಂಡೆ. ಕರಿದ ಮೀನು, ಚೀಸು, ಕೋಸಿನ ಪಚಡಿ ಎಲ್ಲ ಮೇಜಿಗೆ ಬಂದ ಮೇಲೆ ಎದ್ದು ನಿಂತು, ಲೋಟಕ್ಕೆ ಚಮಚ ಬಡಿದೆ.

"ಒಬ್ಬ ತಂದೆಯ ಜೀವನದಲ್ಲಿ ಒಂದು ಗಳಿಗೆ ಬರುತ್ತೆ..." ಎಂದು ಶುರು ಮಾಡಿದೆ.

"ಮೀನು ಆರುತ್ತೆ ಲೆಸ್ಟರ್" ಅಂದಳು ಮಾರ್ಲಿಸ್.

"ಬ್ರಿಟಾ ಸ್ಟೇಟಿಗೆ ಹೋಗ್ತಾಳೆ" ಎಂದು ಮುಗಿಸಿಬಿಟ್ಟೆ. "ಯಾರು ಏನಾದ್ರೂ ಅಂದ್ಕೊಳ್ಳಿ."

ಬ್ರಿಟಾಳ ಕೈಯಲ್ಲಿದ್ದ ಫೋರ್ಕು ತಟ್ಟೆಗೆ ಬಿತ್ತು. ಅವಳು ಕುರ್ಚಿ ಹಿಂದೆ ತಳ್ಳಿ ಬಂದು ನನ್ನ ಹೆಗಲಿಗೆ ಮುಖ ಒತ್ತಿ, "ನಿಜವಾಗ್ಲೂನಾ ಅಪ್ಪಾ?" ಅಂದಳು. ಆ ಒಂದು ನಿಮಿಷದ ಮಟ್ಟಿಗೆ ನನಗೆ ಯಾರ ಕಾರಿನ ಗಾಜೂ ಬೇಕಿರಲಿಲ್ಲ.

ನಾರ್ಬರ್ಟ್ ಮೀನಿಗೆ ನಿಂಬೆಹಣ್ಣು ಹಿಂಡುತ್ತಾ, "ಒಳ್ಳೇದಾಯ್ತು ಬಿಡು" ಅಂದ. "ನಮ್ಮ ಕರ್ಟಿಸ್ಸೂ ಅಲ್ಲಿಗೇ ಬರ್ತಿದಾನೆ."

"ಯಾವ ಕರ್ಟಿಸ್?" ಎಂದು ಕೇಳಿದೆ ನಾನು, ದಡ್ಡನ ಹಾಗೆ.

"ನನ್ನ ಮಗ ಕಣಯ್ಯಾ. ಆ ಖಾಸಗಿ ಕಾಲೇಜಿಗೆ ಫೀಸು ಕಟ್ಟಿ ಕಟ್ಟಿ ನನಗೆ ಸಾಕಾಯ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೇಲಿ ತೂತು ಕೊರೆದು ಮೀನು ಹಿಡಿಯೋಕೆ ಒಬ್ರೂ ಜೊತೆ ಬರಲ್ಲ ಅಂತ ಅವನಿಗೆ ಸಾಕಾಯ್ತು. ಸ್ಟಿಕ್ಕರು ಮೊನ್ನೇನೇ ತೆಗೆದೆ. ನೀನು ಅಂಗಡೀಲಿ ಡೋರೀನ್‌ಗೆ ಹೇಳಿಕೊಟ್ಟಿದ್ಯಲ್ಲ, ಹೇರ್ ಡ್ರೈಯರು, ಉಗುರು. ಒಂದು ತಂತಿಗೂ ಏನೂ ಆಗಲಿಲ್ಲ ನೋಡು."

ಅವನ ಹೆಂಡತಿ ಡೋರೀನ್ ನನ್ನ ಕಡೆ ಕೃತಜ್ಞತೆಯಿಂದ ನಕ್ಕಳು. ನಾನು ಜೇಬಿನಲ್ಲಿದ್ದ ದಾರಗಳನ್ನು ಮುಟ್ಟಿ ನೋಡಿಕೊಂಡೆ.

ಬೇಸಿಗೆಯಿಡೀ ಏನೂ ತೊಂದರೆಯಾಗಲಿಲ್ಲ. ಆಗಸ್ಟಿನಲ್ಲಿ ಬ್ರಿಟಾಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆವು. ನಾವು ಹೊರಡುವಾಗ ಅವಳೇ ಗಾಜಿನ ಮೂಲೆಗೆ ಸ್ಟೇಟಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿದಳು. ಹಿಮ ಶುರುವಾದದ್ದು ನವೆಂಬರಿನಲ್ಲಿ. ಹಬ್ಬದ ರಜೆಗೆ ಅವಳನ್ನು ಕರೆತರಲು ಹೊರಟ ಬೆಳಿಗ್ಗೆ ಮಂಜು ಕರಗಿಸುವ ಗುಂಡಿ ಒತ್ತಿದೆ. ಗಾಜಿನ ಮೇಲುಭಾಗ ತಿಳಿಯಾಯಿತು, ಕೆಳಭಾಗವೂ ತಿಳಿಯಾಯಿತು. ನಡುವಿನ ಪಟ್ಟಿ ಮಾತ್ರ ಬೆಳ್ಳಗೆ ಮಸುಕಾಗಿಯೇ ಉಳಿಯಿತು. ನಾನು ನೋಡನೋಡುತ್ತಿದ್ದಂತೆ ಆ ಮಸುಕಿನಲ್ಲಿ ಒಂದೊಂದೇ ಅಕ್ಷರ ಎದ್ದು ಬಂತು. ಮೊಳದುದ್ದದ ಹ್ಯಾರಿಂಗ್‌ವುಡ್, ಅದರ ಕೆಳಗೆ ಎರಡು ಸಾಲು ಲ್ಯಾಟಿನ್.

"ಅಂಟಿನ ಪಸೆ ಉಳಿದಿದೆ ಅಪ್ಪಾ. ಅದರ ಮೇಲೆ ಆವಿ ಬೇರೆ ಥರ ಕೂರುತ್ತೆ" ಎಂದು ಬ್ರಿಟಾ ಹಾಸ್ಟೆಲಿನ ಬಾಗಿಲಲ್ಲಿ ನಿಂತು ವಿವರಿಸಿದಳು. ಮೂರೇ ತಿಂಗಳಲ್ಲಿ ಎಷ್ಟು ಕಲಿತುಬಿಟ್ಟಿದ್ದಳು. ಮನೆಯಲ್ಲಿದ್ದ ಒಂದೇ ಬಗೆಯ ವಿನೆಗರಿನಿಂದ ತಿಕ್ಕಿದೆ, ಹೋಗಲಿಲ್ಲ. ಗಾಜನ್ನೇ ಬದಲಾಯಿಸೋಣವೆಂದರೆ ಮಾರ್ಲಿಸ್ ಲೆಕ್ಕ ಹಾಕಿ, "ಆ ದುಡ್ಡಲ್ಲಿ ಅವಳ ಒಂದು ವರ್ಷದ ಪುಸ್ತಕ ಬರುತ್ತೆ. ಇರ್ಲಿ ಬಿಡು, ನಿನ್ನ ಆಸೆಯ ಕಾಲೇಜು ನಿನ್ನ ಜೊತೇನೇ ಇರ್ಲಿ" ಅಂದಳು.

ಹೀಗಾಗಿ ಚಳಿಗಾಲದ ಪ್ರತಿ ಭಾನುವಾರ ಚರ್ಚಿನ ಅಂಗಳದಲ್ಲಿ ನಾರ್ಬರ್ಟ್ ನನ್ನ ಕಾರಿನ ಹಿಂದೆ ನಿಂತು, ಕೈಕಟ್ಟಿಕೊಂಡು, ಲ್ಯಾಟಿನ್ ಓದುತ್ತಾನೆ. ಅರ್ಥವೇನೆಂದು ನನ್ನನ್ನು ಕೇಳುತ್ತಾನೆ. ಇದನ್ನೂ ಸಹಿಸಿಕೊಂಡೆ. ಆದರೆ ಕಳೆದ ವಾರ ಅಂಗಡಿಗೆ ಹೊಸಬನೊಬ್ಬ ಬಂದು, ಕಾರಿನ ಗಾಜಿನಿಂದ ಸ್ಟಿಕ್ಕರ್ ತೆಗೆಯಬೇಕು, ಹೇರ್ ಡ್ರೈಯರ್ ಇದೆಯಾ ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಂಡು ಇನ್ನೂರೊಂದನೇ ಬಾರಿ ಪಾಠ ಶುರು ಮಾಡಬೇಕು ಅನ್ನುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

"ಬೇಡಿ ಸರ್, ಡ್ರೈಯರ್ ಕೊಟ್ರೆ ಸಾಕು" ಅಂದ. "ಹೇಗೆ ತೆಗೆಯೋದು ಅಂತ ನಾರ್ಬರ್ಟ್ ಅವ್ರು ಹೇಳಿಕೊಟ್ಟಿದಾರೆ. ಸಾಮಾನು ಲೆಸ್ಟರ್ ಹತ್ರಾನೇ ತಗೋ, ಸಲಹೆ ಮಾತ್ರ ಕೇಳ್ಬೇಡ ಅಂದ್ರು."