ಐದು ನಿಮಿಷ ಕುಂತರೆ ಸೀಟು

ಸಣ್ಣ ಮಕ್ಕಳ ಜೊತೆ ಕೆಲಸ ಮಾಡುವವರು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಮುಂಜಾನೆ ಬಾಗಿಲು ತೆಗೆದರೆ ಸಾಕು, ಅದೇ ಓಡಿಕೊಂಡು ಒಳಗೆ ಬರುತ್ತದೆ.

ಅರಭಾವಿ ಹತ್ತಿರದ ನಮ್ಮ ಊರಲ್ಲಿ ನಾನೊಂದು ಬಾಲವಾಡಿ ನಡೆಸುತ್ತೇನೆ. ನನ್ನ ತವರು ಹುಕ್ಕೇರಿ ಕಡೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿದರು. ಮುಂದಿನದನ್ನೆಲ್ಲ ಹಳೆ ಪೇಪರು, ಹಳೆ ಪುಸ್ತಕ, ಒಂದು ದಪ್ಪ ನಿಘಂಟು ಇಟ್ಟುಕೊಂಡು ನಾನೇ ಓದಿಕೊಂಡೆ. ಈ ಮಾತನ್ನು ಊರಲ್ಲಿ ಯಾರಿಗಾದರೂ ಹೇಳದೆ ಬಿಟ್ಟಿದ್ದರೆ ಅದು ನನ್ನ ಮರೆವು.

ಹೋದ ವರ್ಷ ಒಬ್ಬ ಆಯಿ ತನ್ನ ಮೊಮ್ಮಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಕಟ್ಟಿಕೊಂಡು ಅಂದರೆ ಖರೇನೇ ಗಂಟು ಹಾಕಿದ್ದಳು. ನಾಲ್ಕು ವರ್ಷದ ಹುಡುಗಿ. ನಿಲ್ಲುವುದಿಲ್ಲ, ಕೂರುವುದಿಲ್ಲ, ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಅಪ್ಪ ಅವ್ವ ಕುರಿ ಹಿಂಡಿನ ಜೊತೆ ಊರೂರು ತಿರುಗುವವರು. ಊರ ಸಾಲಿಗೆ ಕಂಪೌಂಡ್ ಇಲ್ಲ, ಎದುರಿಗೇ ಕಬ್ಬಿನ ಟ್ರ್ಯಾಕ್ಟರ್ ಓಡುವ ರಸ್ತೆ. ಅಣ್ಣ ಓದುವ ಮೂಡಲಗಿಯ ಸಾಲಿಯಲ್ಲಿ ಮುಖ್ಯ ಗುರುಗಳು, "ಖುರ್ಚಿ ಮ್ಯಾಲ ಐದು ನಿಮಿಷ ಕುಂತು ತೋರಸ್ಲಿ, ಸೀಟ ಕೊಡ್ತೇನಿ" ಎಂದಿದ್ದರು.

"ಸೀಟ ಸಿಗಲಿಲ್ಲಂದ್ರ ಈಕೀನೂ ಕುರಿ ಹಿಂದ ಹೋಗಾಕಿನ ರಿ ಅಕ್ಕೋರ. ಆಮ್ಯಾಲ ಸಾಲಿ ಮಾರಿ ನೋಡೂದಿಲ್ಲ" ಎಂದಳು ಆಯಿ.

ನಾನು ಹಟದವಳು. "ಕುಂದರಸ್ತೇನಿ" ಎಂದೆ.

ಗಮನ

ಮೊದಲು ಗೋಕಾಕದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಹಳ ಹೊತ್ತು ನೋಡಿ, "ಇದು ಹಟಮಾರಿತನ ಅಲ್ಲ. ಮಗುವಿಗೆ ಗಮನ ಕಡಿಮೆ, ಚಟುವಟಿಕೆ ಜಾಸ್ತಿ. ಈ ವಯಸ್ಸಿಗೆ ಮೊದಲು ಗುಳಿಗೆ ಬೇಡ, ಮನೆಯವರೇ ಕೆಲವು ರೂಢಿ ಕಲಿಯಬೇಕು. ಬೇಗ ಬಂದಿರಿ, ಒಳ್ಳೆಯದಾಯಿತು" ಎಂದರು.

ಮರುದಿನ ಬಾಲವಾಡಿಗೆ ಬಂದ ಆಯಿ, "ಗಮನ ಅಂದ್ರ ಏನ್ರಿ?" ಎಂದು ಕೇಳಿದಳು. ನನಗೆ ಗೊತ್ತಿತ್ತು. ಆದರೆ ನಿಘಂಟು ಇರುವಾಗ ಬರೀ ಬಾಯಲ್ಲಿ ಹೇಳುವುದು ಹೇಗೆ? ತೆಗೆದು ಮೊದಲ ಅರ್ಥವನ್ನೇ ಗಟ್ಟಿಯಾಗಿ ಓದಿದೆ: "ಹೋಗುವುದು, ನಡೆಯುವುದು."

ಆಯಿ ಬಾಯಿ ಮೇಲೆ ಕೈ ಇಟ್ಟಳು. "ಈಕಿ ಹೋಗೂದು ಕಡಿಮಿ ಅಂತೇನ್ರಿ? ಮುಂಜಾನಿಂದ ಆರು ಸಲ ಓಡಿ ಹೋಗ್ಯಾಳ!"

ಅದೇ ಹೊತ್ತಿಗೆ ಯಾವುದೋ ಹುಡುಗ ಬಿದ್ದು ಅತ್ತ, ನಾನು ಎದ್ದು ಹೋದೆ, ಎರಡನೆಯ ಅರ್ಥ ಓದುವುದು ಉಳಿದೇಬಿಟ್ಟಿತು.

ಹದಿನೈದು ದಿನದ ಮೇಲೆ ಡಾಕ್ಟರು, "ಹೇಗಿದ್ದಾಳೆ?" ಎಂದರು.

"ಗಮನ ಭಾಳ ಹೆಚ್ಚಾಗೇತ್ರಿ" ಎಂದಳು ಆಯಿ. "ದಿನಾ ಅರಭಾವಿ ತನಕ ನಡಿಸಿಕೊಂಡು ಹೋಗಿ ಬರ್ತೇನಿ. ಈಗ ನನ್ನ ಮೊಣಕಾಲಿಗೆ ಏನರೆ ಬರದ ಕೊಡ್ರಿ."

ಥೂ ಥೂ

ಡಾಕ್ಟರು ಹೇಳಿಕೊಟ್ಟ ದೊಡ್ಡ ರೂಢಿ ಇದು: ಮಗು ಸರಿಯಾಗಿ ಒಂದು ಕೆಲಸ ಮಾಡಿದ ಕೂಡಲೇ, ತಡಮಾಡದೆ ಹೊಗಳಬೇಕು.

"ಹೊಗಳಿದ್ರ ದೃಷ್ಟಿ ಆಗತೈತ್ರಿ" ಎಂದಳು ಆಯಿ.

ನಾನು ಬಿಡಲಿಲ್ಲ, ಆಕೆಯೂ ಬಿಡಲಿಲ್ಲ. ಕೊನೆಗೆ ಆಯಿ ನಡುದಾರಿ ಹಿಡಿದಳು. "ಭಾಳ ಶ್ಯಾಣ್ಯಾಕಿ ನನ್ನವ್ವ" ಎಂದು ಹೊಗಳುವುದು, ಹಿಂದೆಯೇ ದೃಷ್ಟಿ ತಾಗದಿರಲೆಂದು "ಥೂ ಥೂ ಥೂ" ಎಂದು ಉಗುಳುವುದು. ಹುಡುಗಿಗೆ ಹೊಗಳಿಕೆಗಿಂತ ಈ ಥೂ ಥೂ ಬಹಳ ಸೇರಿತು. ಚಪ್ಪಲಿಯನ್ನು ಸಾಲಾಗಿ ಇಟ್ಟು ಬಂದು ಮುಖ ಮುಂದೆ ಮಾಡಿ ನಿಲ್ಲುತ್ತಿದ್ದಳು: "ಥೂ ಥೂ ಅನ್ನು, ಆಯಿ."

ಕೆಲಸ ಮಾಡಿ ಬಂದು ನಿಲ್ಲುವುದೆಂದರೇನು! ನಿಲ್ಲದ ಹುಡುಗಿ ನಿಂತಳಲ್ಲ ಎಂದು ನಾನೂ ಬಾಲವಾಡಿಯಲ್ಲಿ ಥೂ ಥೂ ಶುರುಮಾಡಿದೆ. ಉಳಿದ ಮಕ್ಕಳು ತಮಗೂ ಬೇಕೆಂದವು. ಒಂದು ವಾರದೊಳಗೆ ಒಬ್ಬ ತಾಯಿ ಸಿಟ್ಟಿನಿಂದ ಬಂದಳು.

"ಏನ ಕಲಸಾಕತ್ತೀರಿ ಅಕ್ಕೋರ? ಅವರಪ್ಪ ಉಂಡು ಗಂಗಾಳ ಎತ್ತಿಟ್ರ, ನನ್ನ ಮಗಾ ಎದುರಿಗೆ ನಿಂತು ಥೂ ಥೂ ಅಂತಾನ."

"ಬೈಬ್ಯಾಡ್ರಿ ಅವಗ" ಎಂದೆ. "ನಿಮ್ಮನಿಯವರು ಗಂಗಾಳ ಎತ್ತಿಟ್ಟದ್ದನ್ನ ಅಂವಾ ಒಬ್ಬನ ಹೊಗಳ್ಯಾನ."

ಕೋಳಿ ವಿಧಾನ

ತೊಡೆಯ ಮೇಲೆ ಸ್ವಲ್ಪ ಭಾರ ಇಟ್ಟರೆ ಕೆಲವು ಮಕ್ಕಳು ತುಸು ನಿಧಾನವಾಗುತ್ತಾರೆ ಎಂದು ಎಲ್ಲೋ ಓದಿದ್ದೆ. ಸಣ್ಣ ಚೀಲ ಹೊಲಿದು ಜೋಳ ತುಂಬಿ ಕೊಟ್ಟೆ. ಹುಡುಗಿ ಎರಡು ನಿಮಿಷದಲ್ಲಿ ಹೊಲಿಗೆ ಬಿಚ್ಚಿದಳು. ಜೋಳ ಕೆಳಗೆ ಚೆಲ್ಲಿತು, ಓಣಿಯ ಕೋಳಿಗಳು ಒಳಗೆ ಬಂದವು. ಇಂಥ ಮಕ್ಕಳ ತರಬೇತಿ ನೋಡಿಕೊಳ್ಳುವ ಮೇಡಂ ಒಬ್ಬರನ್ನು ಡಾಕ್ಟರು ಕಳಿಸಿದ್ದರು, ಅವರು ಅದೇ ದಿನ ನೋಡಲು ಬರಬೇಕೆ!

ಓಡಿಸಲು ಕಸಬರಿಗೆ ಎತ್ತಿದವಳು ಹಾಗೇ ನಿಂತೆ. ಹುಡುಗಿ ಕಾಲು ಮಡಚಿ ಕುಳಿತು, ಒಂದೊಂದೇ ಕಾಳು ಹೆಕ್ಕಿ, ಒಂದೊಂದೇ ಕೋಳಿಗೆ ಸರದಿ ಪ್ರಕಾರ ಹಾಕುತ್ತಿದ್ದಳು. ನಡುವೆ ನುಗ್ಗಿದ ಹುಂಜಕ್ಕೆ, "ನಿಂದ ಪಾಳಿ ಬಂದಿಲ್ಲ, ಹಿಂದ ಸರಿ" ಎಂದಳು. ಗಡಿಯಾರ ನೋಡಿದೆ. ಹನ್ನೊಂದು ನಿಮಿಷ!

"ಇದು ಯಾವ ವಿಧಾನ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. "ಕೋಳಿ ವಿಧಾನ ರಿ" ಎಂದೆ.

ಮೇಡಂ ಬರೆದುಕೊಂಡು, "ಎಷ್ಟು ಕೋಳಿ ಬೇಕಾಗುತ್ತವೆ?" ಎಂದರು.

ಮುಖ್ಯ ಗುರುಗಳು

ಅಂತೂ ಮೂಡಲಗಿಗೆ ಹೋಗುವ ದಿನ ಬಂತು. ಮುಖ್ಯ ಗುರುಗಳು ಖುರ್ಚಿ ತೋರಿಸಿದರು. ಹುಡುಗಿ ಕುಳಿತು, ಎರಡೂ ಕೈಯನ್ನು ತೊಡೆ ಕೆಳಗೆ ಸೇರಿಸಿಕೊಂಡಳು. ಗೋಡೆಯ ಗಡಿಯಾರ ನೋಡಿ ಗುರುಗಳು, "ಹೂಂ, ಸುರು" ಎಂದರು.

ಒಂದನೇ ನಿಮಿಷಕ್ಕೆ ಅವರಿಗೆ ಫೋನ್ ಬಂತು. ರೇಂಜ್ ಇಲ್ಲವೆಂದು ಎದ್ದು ಕಿಟಕಿಗೆ ಹೋದರು. ಬಂದು ಅರ್ಧ ಕೂತರು. ಯಾರೋ ಕೀಲಿ ಕೇಳಿದರು, ಎದ್ದು ಮೂರೂ ಕಿಸೆ ತಡಕಿದರು. ಹೊರಗೆ ವ್ಯಾನ್ ಹಾರ್ನ್ ಹಾಕಿತು, ಪಡಸಾಲಿಗೆ ಓಡಿ ಬೈದು ಬಂದರು. ಆಮೇಲೆ ಚಷ್ಮಾ ಕಾಣದೆ ಕಪಾಟು ತೆಗೆದು ಹುಡುಕತೊಡಗಿದರು. ಹುಡುಗಿಯ ಕತ್ತು ಅವರ ಹಿಂದೆ ಆ ಕಡೆ ಈ ಕಡೆ ತಿರುಗುತ್ತಿತ್ತು.

ಇನ್ನೊಂದೇ ನಿಮಿಷ ಇರುವಾಗ ಆಕೆ ಖುರ್ಚಿಯ ಅಂಚಿಗೆ ಸರಿದಳು. ಆಯಿ ಕಣ್ಣು ಮುಚ್ಚಿಕೊಂಡಳು.

ಎದ್ದಳೆ? ಇಲ್ಲ. ಕೂತಲ್ಲಿಂದಲೇ ನನ್ನ ಕಿವಿಯತ್ತ ಬಾಗಿದಳು. ಗುಟ್ಟು ಹೇಳುವುದನ್ನು ನಾವಿನ್ನೂ ಕಲಿಸಿರಲಿಲ್ಲ, ಇಡೀ ಆಫೀಸಿಗೆ ಕೇಳಿಸಿತು:

"ಅಕ್ಕೋರ, ಈ ಸರ್‌ನ ನಮ್ಮ ಬಾಲವಾಡಿಗೆ ಹಚ್ಚೂಣ್ರಿ. ಪಾಪ, ಜಲ್ದಿ ಹಚ್ಚಿದ್ರ ಸುಧಾರಸ್ತಾರ."

ಗುರುಗಳು ಕಪಾಟಿನ ಬಾಗಿಲು ಹಿಡಿದು ನಿಂತೇಬಿಟ್ಟರು. ಗಡಿಯಾರ ನೋಡಿದರು, ಐದು ನಿಮಿಷ ದಾಟಿತ್ತು. ಹುಡುಗಿಯನ್ನು ನೋಡಿದರು, ಆಮೇಲೆ ತಮ್ಮ ಖಾಲಿ ಖುರ್ಚಿಯನ್ನು ನೋಡಿದರು. ನಿಧಾನವಾಗಿ ಬಂದು ಕೂತು ಫಾರ್ಮಿನಲ್ಲಿ ಆಕೆಯ ಹೆಸರು ಬರೆದು ಸಹಿ ಹಾಕಿದರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಗಳು ತಲೆ ಎತ್ತಿ ಸಣ್ಣ ದನಿಯಲ್ಲಿ ಕೇಳಿದರು: "ಅಕ್ಕೋರ, ನನ್ನ ವಯಸ್ಸಿನವರನ್ನ ತಗೋತೀರೇನ್ರಿ?"

"ತಗೋತೇವ್ರಿ ಸರ್" ಎಂದೆ. "ನಮ್ಮಲ್ಲಿ ಕುಂದರಾಕ ಬರಲಾರದವ್ರಿಗೇ ಮೊದಲ ಸೀಟು."